ನಡುಗುವ ವಾಹನ: ನಿದಾನವೂ ನಿಧಾನವೂ

ಒಂದೇ ಒಂದು ಮಹಾಪ್ರಾಣದ ಅಂತರದಿಂದ ಬೇರೆಯಾಗಿ ನಿಲ್ಲುವ ಎರಡು ಶಬ್ದಗಳು ನಮ್ಮ ಭಾಷೆಯಲ್ಲಿವೆ. ‘ನಿದಾನ’ವೆಂದರೆ ಮೂಲಕಾರಣ, ವೈದ್ಯರು ವ್ಯಾಧಿಯ ಮೂಲವನ್ನು ಅರಸುವ ಕ್ರಿಯೆಗೆ ರೋಗನಿದಾನವೆಂದು ಹೆಸರು. ‘ನಿಧಾನ’ವೆಂದರೆ ಆತುರವಿಲ್ಲದ ನಡೆ. ಬರೆಯುವಾಗ ಇವೆರಡನ್ನೂ ಬೆರೆಸಿಬಿಡುವವರು ಬಹಳ ಮಂದಿ. ಬರಹದಲ್ಲಿ ಅದು ದೋಷವಾದರೂ ಬದುಕಿನಲ್ಲಿ ಈ ಎರಡೂ ಜೊತೆಯಾಗಿಯೇ ಇರಬೇಕಾದವು. ನಿಧಾನವಿಲ್ಲದವನಿಗೆ ನಿದಾನ ದೊರೆಯುವುದಿಲ್ಲ.

ಈ ತಿಂಗಳು ಓದುಗ ಬಂಧುಗಳ ಮುಂದೆ ಇರಿಸುತ್ತಿರುವ ವಿಷಯ ಮೇಲ್ನೋಟಕ್ಕೆ ಈ ಅಂಕಣಕ್ಕೆ ಹೊರತೆಂದು ತೋರಬಹುದು. ಓಡುತ್ತಿರುವ ಕಾರಿನಲ್ಲಿ ನಿಲ್ಲದೆ ಕಾಣಿಸಿಕೊಳ್ಳುವ ನಡುಕದ ಕಾರಣವನ್ನು ಕಂಡುಹಿಡಿಯುವ ಬಗೆ ಯಾವುದು ಎಂಬುದೇ ಆ ವಿಷಯ. ಇಂದು ನಮ್ಮ ಹಳ್ಳಿಗಳ ಮನೆಗಳ ಮುಂದೆಯೂ ನಾಲ್ಕು ಗಾಲಿಯ ವಾಹನಗಳು ನಿಂತಿವೆ. ಮದುವೆ, ಜಾತ್ರೆ, ಆಸ್ಪತ್ರೆ, ಕ್ಷೇತ್ರದರ್ಶನ, ಎಲ್ಲಕ್ಕೂ ಮನೆಮಂದಿಯೆಲ್ಲ ಅದರಲ್ಲಿಯೇ ಹೋಗಿಬರುತ್ತಾರೆ. ವೃದ್ಧರನ್ನೂ ಮಕ್ಕಳನ್ನೂ ಹೊತ್ತೊಯ್ಯುವ ವಸ್ತುವಿನ ಆರೋಗ್ಯವು ಸಂಸಾರದ ಆರೋಗ್ಯದಿಂದ ಬೇರೆಯಾದುದಲ್ಲ.

ಕಳೆದ ಶ್ರಾವಣದಲ್ಲಿ ಆನೆಗೊಂದಿಯ ಓದುಗ ಕುಟುಂಬವೊಂದರಿಂದ ಪತ್ರ ಬಂದಿತು. ಗದ್ದೆಯ ಬೇಸಾಯವುಳ್ಳ ಮನೆತನ. ಗಂಗಾವತಿ, ಕನಕಗಿರಿ, ತಾವರಗೇರಾ ಮಾರ್ಗವಾಗಿ ಕುಷ್ಟಗಿಯಲ್ಲಿ ಹೆದ್ದಾರಿಯನ್ನು ಸೇರಿ, ಇಲಕಲ್ಲು, ಹುನಗುಂದಗಳನ್ನು ದಾಟಿ ಅವರು ಕೂಡಲಸಂಗಮಕ್ಕೆ ಹೋಗಿದ್ದರು. ಹೆದ್ದಾರಿಯಲ್ಲಿ ವೇಗ ಗಂಟೆಗೆ 70 ಕಿಲೋಮೀಟರು ದಾಟುತ್ತಲೇ ಸ್ಟಿಯರಿಂಗ್ ಕೈಯಲ್ಲಿ ನಡುಗತೊಡಗಿತು. ಊರಿಗೆ ಮರಳಿ ಗ್ಯಾರೇಜಿನಲ್ಲಿ ಗಾಲಿಗಳ ತೂಕ ಸರಿಪಡಿಸುವ ಬ್ಯಾಲೆನ್ಸಿಂಗ್ ಮಾಡಿಸಿದರು. ಎಂಟು ದಿನ ನೆಮ್ಮದಿಯಾಗಿದ್ದು ನಡುಕ ಮತ್ತೆ ಬಂದಿತು. ಇನ್ನೊಂದು ಗ್ಯಾರೇಜಿನಲ್ಲಿ ಗಾಲಿಗಳ ನೇರ ಸರಿಪಡಿಸುವ ಅಲೈನ್‌ಮೆಂಟ್ ಆಯಿತು, ಗುಣ ಕಾಣಲಿಲ್ಲ. ಮೂರನೆಯವರು ಶಾಕ್ ಅಬ್ಸಾರ್ಬರುಗಳನ್ನೂ ಸ್ಟಿಯರಿಂಗಿನ ಕೆಲವು ಭಾಗಗಳನ್ನೂ ಬದಲಾಯಿಸಬೇಕೆಂದು ಸಾವಿರಾರು ರೂಪಾಯಿಗಳ ಲೆಕ್ಕ ಕೊಟ್ಟರು. ಪತ್ರದ ಕೊನೆಯಲ್ಲಿ ಒಂದು ಸಾಲು ಇದ್ದಿತು: ತುಂಬು ಗರ್ಭಿಣಿಯಾದ ಮಗಳನ್ನು ಹುನಗುಂದದಿಂದ ತವರಿಗೆ ಕರೆತರಬೇಕಾಗಿದೆ, ಈ ವಾಹನದಲ್ಲಿಯೇ ಕರೆತರಬಹುದೇ? ಈ ಸಾಲೇ ನನ್ನನ್ನು ಲೇಖನಿ ಹಿಡಿಯುವಂತೆ ಮಾಡಿತು.

ಮಠದ ಪಾಠಶಾಲೆಯಲ್ಲಿ ತರ್ಕವನ್ನು ಓದಿದವರಿಗೆ ‘ಅನ್ವಯ’ ಮತ್ತು ‘ವ್ಯತಿರೇಕ’ ಎಂಬ ಎರಡು ಮಾತುಗಳು ಪರಿಚಿತ. ಒಂದು ಇದ್ದಲ್ಲಿ ಇನ್ನೊಂದು ಇರುವುದು ಅನ್ವಯ. ಒಂದು ಇಲ್ಲದಲ್ಲಿ ಇನ್ನೊಂದೂ ಇಲ್ಲದಿರುವುದು ವ್ಯತಿರೇಕ. ಹೊಗೆ ಕಂಡಲ್ಲೆಲ್ಲ ಬೆಂಕಿ ಇದ್ದೇ ಇರುತ್ತದೆ. ಬೆಂಕಿ ಇಲ್ಲದ ಮಡುವಿನಲ್ಲಿ ಹೊಗೆಯೂ ಇರುವುದಿಲ್ಲ. ಈ ಎರಡೂ ಕೂಡಿದಾಗಲೇ ಊಹೆಯು ನಿರ್ಣಯವಾಗುತ್ತದೆ. ಕಾರಿನ ನಡುಕಕ್ಕೆ ಬೇರೆ ಶಾಸ್ತ್ರವೇನೂ ಬೇಕಿಲ್ಲ. ಯಾವಾಗ ನಡುಗುತ್ತದೆ, ಯಾವಾಗ ನಡುಗುವುದಿಲ್ಲ ಎಂಬ ಎರಡು ಪಟ್ಟಿಗಳನ್ನು ಶ್ರದ್ಧೆಯಿಂದ ಮಾಡಿದರೆ ಕಾರಣದ ಸುಳಿವು ಅವುಗಳಲ್ಲಿಯೇ ದೊರೆಯುತ್ತದೆ. ಈ ಪಟ್ಟಿಯನ್ನು ಮಾಡಬಲ್ಲವರು ದಿನವೂ ಅದರಲ್ಲಿ ಕೂಡುವ ಮನೆಯವರೇ ವಿನಾ ಅರ್ಧ ಗಂಟೆ ನೋಡುವ ಮೆಕ್ಯಾನಿಕ್ ಅಲ್ಲ.

ಮೊಟ್ಟಮೊದಲು ನಡುಕವು ವಾಹನದ್ದೋ ರಸ್ತೆಯದೋ ಎಂಬುದನ್ನು ನಿಶ್ಚಯಿಸಬೇಕು. ಭತ್ತದ ಕಣಜವೆನಿಸಿದ ಗಂಗಾವತಿ ಸೀಮೆಯಲ್ಲಿ ನಾಟಿಯ ಕಾಲಕ್ಕೆ ಕೇಜ್ ವೀಲ್ ತೊಡಿಸಿದ ಟ್ರ್ಯಾಕ್ಟರುಗಳು ಗದ್ದೆಯಿಂದ ನೇರವಾಗಿ ರಸ್ತೆಗೆ ಏರುವುದುಂಟು. ಅವುಗಳ ಕಬ್ಬಿಣದ ಪಟ್ಟಿಗಳು ಡಾಂಬರಿನ ಮೇಲೆ ಸಮಾನ ಅಂತರದಲ್ಲಿ ಗೀರುಗಳನ್ನು ಮೂಡಿಸುತ್ತವೆ. ಆ ಗೀರುಗಳ ಮೇಲೆ ಯಾವ ಕಾರು ಹೋದರೂ ಗುರುಗುರು ನಡುಗುತ್ತದೆ. ಬುಕ್ಕಸಾಗರ ಮತ್ತು ಕಡೆಬಾಗಿಲುಗಳ ನಡುವಿನ ಸೇತುವೆಯಂತಹ ಉದ್ದನೆಯ ಸೇತುವೆಗಳ ಮೇಲೆ ಜೋಡಣೆಗಳು ಬಂದಾಗ ಒಂದೊಂದು ಸಲ ‘ದಡ್’ ಎನ್ನುತ್ತದೆ. ಇವು ಆ ಸ್ಥಳವನ್ನು ಬಿಟ್ಟೊಡನೆ ನಿಲ್ಲುತ್ತವೆ. ಒಳ್ಳೆಯ ರಸ್ತೆಯಲ್ಲಿಯೂ ಬೆನ್ನು ಬಿಡದ ನಡುಕವೇ ವಾಹನದ ನಡುಕ.

ಎರಡನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯವಾದುದು: ನಡುಕವು ಗಾಲಿಯ ವೇಗವನ್ನು ಅನುಸರಿಸುತ್ತದೆಯೋ, ಎಂಜಿನ್ನಿನ ವೇಗವನ್ನು ಅನುಸರಿಸುತ್ತದೆಯೋ? ಇದನ್ನು ತಿಳಿಯಲು ಯಾವ ಯಂತ್ರವೂ ಬೇಡ. ವಾಹನಸಂಚಾರವಿಲ್ಲದ ನೇರ ರಸ್ತೆಯಲ್ಲಿ 50 ಕಿಲೋಮೀಟರಿನ ವೇಗದಲ್ಲಿ ನಾಲ್ಕನೆಯ ಗೇರಿನಲ್ಲಿ ಸ್ವಲ್ಪ ದೂರ ಹೋಗಿ, ಅದೇ ವೇಗವನ್ನು ಉಳಿಸಿಕೊಂಡು ಮೂರನೆಯ ಗೇರಿಗೆ ಇಳಿಯಬೇಕು. ಗಾಲಿಗಳು ಮೊದಲಿನಂತೆಯೇ ತಿರುಗುತ್ತಿರುತ್ತವೆ. ಎಂಜಿನ್ ಮಾತ್ರ ಹೆಚ್ಚು ವೇಗವಾಗಿ ತಿರುಗುತ್ತದೆ. ನಡುಕವು ಬದಲಾಗದೆ ಇದ್ದರೆ ದೋಷವು ಗಾಲಿಯ ಕಡೆಗಿದೆ. ಬದಲಾದರೆ ಎಂಜಿನ್ನಿನ ಕಡೆಗಿದೆ. ನಿಂತಲ್ಲಿಯೇ ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿದಾಗಲೂ ಅದೇ ನಡುಕ ಬಂದರೆ ಗಾಲಿಗಳ ಮೇಲೆ ಸಂಶಯಪಡುವ ಕಾರಣವೇ ಇಲ್ಲ. ಕೆಲವರು ಪರೀಕ್ಷೆಗೆಂದು ಓಡುವ ವಾಹನದ ಕೀಲಿಯನ್ನು ತಿರುಗಿಸಿ ಎಂಜಿನ್ ಆರಿಸುತ್ತಾರೆ. ಹಾಗೆ ಎಂದಿಗೂ ಮಾಡಬಾರದು. ಬ್ರೇಕಿಗೂ ಸ್ಟಿಯರಿಂಗಿಗೂ ದೊರೆಯುವ ಯಂತ್ರಸಹಾಯ ಅದರಿಂದ ತಪ್ಪುತ್ತದೆ. ಸ್ಟಿಯರಿಂಗ್ ಬೀಗ ಬೀಳುವ ಅಪಾಯವೂ ಇದೆ.

ಗಾಲಿಯ ದೋಷವು ಊರೊಳಗೆ ಅಡಗಿದ್ದು ಹೆದ್ದಾರಿಯಲ್ಲಿ ಮಾತ್ರ ಏಕೆ ಪ್ರಕಟವಾಗುತ್ತದೆ? ಇದಕ್ಕೆ ಸರಳ ಲೆಕ್ಕವೊಂದಿದೆ. ಸಣ್ಣ ಕಾರಿನ ಗಾಲಿಯ ಸುತ್ತಳತೆ ಸುಮಾರು 1.8 ಮೀಟರು. 90 ಕಿಲೋಮೀಟರಿನ ವೇಗದಲ್ಲಿ ಕಾರು ಸೆಕೆಂಡಿಗೆ 25 ಮೀಟರು ಸಾಗುವುದರಿಂದ ಗಾಲಿಯು ಸೆಕೆಂಡಿಗೆ ಸುಮಾರು 14 ಸುತ್ತು ತಿರುಗುತ್ತದೆ. ರಿಮ್ಮಿನ ಅಂಚಿನಲ್ಲಿ ಒಂದೇ ಕಡೆ ಕೇವಲ 20 ಗ್ರಾಂ ಹೆಚ್ಚಿನ ತೂಕವಿದ್ದರೆ, ಆ ವೇಗದಲ್ಲಿ ಅದು ಸುಮಾರು ಎರಡೂಮುಕ್ಕಾಲು ಕಿಲೋ ತೂಕ ಜಗ್ಗಿದಂತೆ ಗಾಲಿಯನ್ನು ಜಗ್ಗುತ್ತದೆ. ಅದೂ ಪ್ರತಿ ಸುತ್ತಿಗೂ ದಿಕ್ಕು ಬದಲಿಸುತ್ತ. ವೇಗವು ಅರ್ಧವಾದರೆ ಈ ಜಗ್ಗುವಿಕೆ ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಆದುದರಿಂದಲೇ ಊರೊಳಗೆ ಅದರ ಸುಳಿವು ಹತ್ತುವುದಿಲ್ಲ.

ಇನ್ನೊಂದು ಸಂಗತಿಯೂ ಇದೆ. ಪಂಚಮಿಯ ಜೋಕಾಲಿಯನ್ನು ನೆನೆಯಿರಿ. ಜೋಕಾಲಿಗೆ ತನ್ನದೇ ಆದ ಒಂದು ಲಯವಿದೆ. ಅದಕ್ಕೆ ಸರಿಯಾಗಿ ಮೆಲ್ಲಗೆ ನೂಕಿದರೂ ಅದು ಎತ್ತರಕ್ಕೆ ಏರುತ್ತದೆ, ಲಯ ತಪ್ಪಿ ಬಲವಾಗಿ ನೂಕಿದರೂ ಏರುವುದಿಲ್ಲ. ಸ್ಪ್ರಿಂಗಿಗೂ ಟೈರಿಗೂ ನಡುವೆ ಇರುವ ಗಾಲಿಗೂ ಅಂತಹ ಸ್ವಂತ ಲಯವೊಂದಿದ್ದು, ಸಾಮಾನ್ಯವಾಗಿ ಅದು ಸೆಕೆಂಡಿಗೆ 10ರಿಂದ 15 ತುಯ್ತಗಳಷ್ಟಿರುತ್ತದೆ. 70ರಿಂದ 100 ಕಿಲೋಮೀಟರಿನ ನಡುವೆ ಗಾಲಿಯ ಸುತ್ತು ಆ ಲಯಕ್ಕೆ ಕೂಡಿಬಂದು ನಡುಕ ಹೆಚ್ಚುತ್ತದೆ. ಅದನ್ನು ದಾಟಿದ ಮೇಲೆ ಕಡಮೆಯಾದಂತೆಯೂ ತೋರಬಹುದು. ವೇಗ ಹೆಚ್ಚಿಸಿದರೆ ನಡುಕ ಹೋಗುತ್ತದೆಂದು ಇನ್ನಷ್ಟು ವೇಗವಾಗಿ ಓಡಿಸುವ ತರುಣರು ದೋಷ ಹೋಗಿಲ್ಲ, ಮರೆಯಾಗಿದೆ ಎಂಬುದನ್ನು ಅರಿಯಬೇಕು.

ಮೂರನೆಯ ಪ್ರಶ್ನೆ ನಡುಕವು ಎಲ್ಲಿ ತಿಳಿಯುತ್ತದೆ ಎಂಬುದು. ಸ್ಟಿಯರಿಂಗಿನಲ್ಲಿ ಕೈಗೆ ತಿಳಿದರೆ ಬಹುಮಟ್ಟಿಗೆ ಮುಂದಿನ ಗಾಲಿಗಳದು. ಆಸನದಲ್ಲಿ, ಕಾಲಡಿಯ ನೆಲದಲ್ಲಿ ತಿಳಿದರೆ ಹಿಂದಿನ ಗಾಲಿಗಳದು. ನಾಲ್ಕನೆಯದು ಏನು ಮಾಡಿದಾಗ ಎಂಬುದು. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಬ್ರೇಕಿನ ಡಿಸ್ಕು ಎಲ್ಲ ಕಡೆ ಒಂದೇ ದಪ್ಪವಾಗಿ ಉಳಿದಿಲ್ಲ, ಇಲ್ಲವೇ ಹಿಂದಿನ ಡ್ರಮ್ಮು ದುಂಡು ತಪ್ಪಿದೆ. ಬ್ರೇಕ್ ಬಿಟ್ಟೊಡನೆ ನಿಂತುಹೋಗುವುದು ಇದರ ವ್ಯತಿರೇಕ. ಏರಿನಲ್ಲಿ ಒತ್ತಡ ಬಿದ್ದಾಗ ಮಾತ್ರ ಬಂದು ಆಕ್ಸಿಲರೇಟರ್ ಬಿಟ್ಟಾಗ ನಿಂತರೆ ಗಾಲಿಗೆ ಶಕ್ತಿ ಒಯ್ಯುವ ದಂಡ ಮತ್ತು ಅದರ ಕೀಲುಗಳನ್ನು ನೋಡಬೇಕು. ಪೂರ್ತಿ ತಿರುಗಿಸಿ ಹೋಗುವಾಗ ‘ಟಕ್ ಟಕ್’ ಸದ್ದಾದರೆ ಮುಂದಿನ ಗಾಲಿಯ ಹೊರಗಡೆಯ ಸಿ.ವಿ. ಜಾಯಿಂಟು ಸವೆದಿದೆ. ನಡುಕಕ್ಕಿಂತ ಹೆಚ್ಚಾಗಿ ಗುಂಯ್ಗುಡುವ ಸದ್ದು ಇದ್ದು, ಬಲಕ್ಕೆ ಹೊರಳಿದಾಗ ಅದು ಹೆಚ್ಚಿದರೆ ಭಾರ ಬಿದ್ದ ಎಡಗಾಲಿಯ ಬೇರಿಂಗನ್ನು ಶಂಕಿಸಬೇಕು.

ವಾಹನದ ರಚನೆಯನ್ನೂ ಗಮನಿಸಬೇಕು. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರಿನಲ್ಲಿ ಎಂಜಿನ್ ಮುಂದಿದ್ದು ಹಿಂದಿನ ಗಾಲಿಗಳು ತಳ್ಳುತ್ತಿದ್ದವು. ನಡುವೆ ಉದ್ದನೆಯ ಪ್ರೊಪೆಲರ್ ಶಾಫ್ಟ್ ಇರುತ್ತಿತ್ತು. ಇಂದಿಗೂ ಜೀಪಿನಂತಹ ಎಷ್ಟೋ ದೊಡ್ಡ ವಾಹನಗಳಲ್ಲಿ ಈ ವ್ಯವಸ್ಥೆ ಇದೆ. ಆ ಶಾಫ್ಟು ಗಾಲಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ತಿರುಗುವುದರಿಂದ ಅದರ ಕ್ರಾಸ್ ಸವೆದಾಗ ಬರುವ ನಡುಕವು ಸಣ್ಣಗೆ ಝುಂಗುಡುವಂತಿರುತ್ತದೆ. 1983ರಲ್ಲಿ ಬಂದ ಮಾರುತಿ 800 ಕಾರಿನ ಮುಂದಿನ ಗಾಲಿಗಳೇ ಎಳೆಯುತ್ತಿದ್ದುದರಿಂದ ಅದಕ್ಕೆ ಈ ಶಾಫ್ಟಿನ ರೋಗವೇ ಇರಲಿಲ್ಲ. ಆದರೆ ಅದರ ಎಂಜಿನ್ನಿಗೆ ಮೂರೇ ಸಿಲಿಂಡರು. ಈಗಿನ ಅನೇಕ ಸಣ್ಣ ಕಾರುಗಳಿಗೂ ಅಷ್ಟೇ. ಅಂತಹ ಎಂಜಿನ್ ನಿಂತಲ್ಲಿ ತುಸು ನಡುಗುವುದು ಅದರ ಸ್ವಭಾವ. ಆ ನಡುಕ ಮೊದಲಿಗಿಂತ ಹೆಚ್ಚಿದ್ದರೆ ಎಂಜಿನ್ ಕೂರುವ ರಬ್ಬರ್ ಮೌಂಟಿಂಗು ಹರಿದಿರಬಹುದು, ಇಲ್ಲವೇ ಒಂದು ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದಿರಬಹುದು. ಸ್ವಭಾವವನ್ನು ರೋಗವೆಂದೂ ರೋಗವನ್ನು ಸ್ವಭಾವವೆಂದೂ ತಿಳಿಯಬಾರದು.

ಆನೆಗೊಂದಿಯ ಬಂಧುಗಳಿಗೆ ಈ ಪ್ರಶ್ನೆಗಳನ್ನೇ ಬರೆದು ಕಳುಹಿಸಿದೆ. ಉತ್ತರ ಬರುವವರೆಗೆ ಮಗಳನ್ನು ಕರೆತರುವ ಪ್ರಯಾಣಕ್ಕೆ ಆ ವಾಹನವನ್ನು ಬಳಸಬಾರದೆಂದೂ ತಿಳಿಸಿದೆ. ಅವರು ಶ್ರದ್ಧೆಯಿಂದ ಎರಡೂ ಪಟ್ಟಿಗಳನ್ನು ಮಾಡಿದರು. ಗೇರು ಬದಲಿಸಿದರೂ ನಡುಕ ಬದಲಾಗಲಿಲ್ಲ. ಬ್ರೇಕಿಗೂ ಅದಕ್ಕೂ ಸಂಬಂಧ ಕಾಣಲಿಲ್ಲ. ಆದರೆ ಎರಡು ಸಂಗತಿಗಳು ಹೊಸದಾಗಿ ತಿಳಿದುಬಂದವು. ಒಂದನೆಯದು, ಈ ತೊಂದರೆ ನಾಟಿಯ ಕೆಲಸಕ್ಕೆ ಕಾರನ್ನು ಗದ್ದೆಯ ದಾರಿಗೆ ಇಳಿಸಿದಂದಿನಿಂದ ಆರಂಭವಾದುದು. ಎರಡನೆಯದು, ಹಿಂದಿನ ಆಸನದಲ್ಲಿ ಎಡಕ್ಕೆ ಕೂಡುವ ಮನೆಯ ಹಿರಿಯ ತಾಯಿಯವರು 30, 40ರ ವೇಗದಲ್ಲಿಯೂ ಕಾಲಡಿಯಲ್ಲಿ ದಡದಡ ಎನ್ನುತ್ತದೆಂದು ಬಹುದಿನಗಳಿಂದ ಹೇಳುತ್ತಿದ್ದರು. ವಯಸ್ಸಾದವರ ಕಾಲಿಗೆ ಹಾಗಾಗುವುದು ಸಹಜವೆಂದು ಮನೆಯವರು ಅದನ್ನು ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ.

ಈ ಎರಡನ್ನೂ ಕೂಡಿಸಿ ನೋಡಿದಾಗ ಅಲ್ಲಿದ್ದುದು ಒಂದು ನಡುಕವಲ್ಲ, ಎರಡು ಎಂಬುದು ಸ್ಪಷ್ಟವಾಯಿತು. ವೇಗ ಹೆಚ್ಚಿದಾಗ ಕೈಗೆ ತಿಳಿಯುವುದು ಒಂದು. ಮೆಲ್ಲಗೆ ಹೋಗುವಾಗಲೂ ಹಿಂದೆ ಎಡಬದಿಯಲ್ಲಿ ಕಾಲಿಗೆ ತಿಳಿಯುವುದು ಇನ್ನೊಂದು. ಒಂದೇ ಕಾರಣವನ್ನು ಹುಡುಕುತ್ತಿದ್ದುದರಿಂದ ಲೆಕ್ಕ ಕೂಡುತ್ತಿರಲಿಲ್ಲ.

ನಾಲ್ಕೂ ಗಾಲಿಗಳನ್ನು ಬಿಚ್ಚಿಸಿ ಒಳಬದಿಯನ್ನು ನೋಡಬೇಕೆಂದು ಬರೆದೆ. ಮುಂದಿನ ರಿಮ್ಮುಗಳ ಒಳಗಡೆ ಗದ್ದೆಯ ಕರಿಮಣ್ಣು ಒಣಗಿ ಕಲ್ಲಿನಂತೆ ಅಂಟಿಕೊಂಡಿತ್ತು. ಮೊದಲ ಸಲ ಬ್ಯಾಲೆನ್ಸಿಂಗ್ ಮಾಡಿದಾಗ ಮಣ್ಣನ್ನು ತೆಗೆಯದೆ, ಆ ಮಣ್ಣಿನ ತೂಕಕ್ಕೆ ಸರಿಗಟ್ಟುವಂತೆ ಎದುರುಬದಿಗೆ ತೂಕದ ತುಂಡುಗಳನ್ನು ಕೂಡಿಸಲಾಗಿತ್ತು. ಎಂಟು ದಿನಗಳಲ್ಲಿ ಮಣ್ಣಿನ ಹೆಂಟೆಗಳು ಉದುರಿದವು; ಕೂಡಿಸಿದ ತುಂಡುಗಳು ಹಾಗೆಯೇ ಉಳಿದವು. ಔಷಧವೇ ಈಗ ರೋಗವಾಗಿ ನಿಂತಿತ್ತು. ರಿಮ್ಮುಗಳನ್ನು ತೊಳೆದು, ಹಳೆಯ ತುಂಡುಗಳನ್ನು ತೆಗೆದು, ಹೊಸದಾಗಿ ಬ್ಯಾಲೆನ್ಸಿಂಗ್ ಮಾಡಿದ ಮೇಲೆ ಸ್ಟಿಯರಿಂಗಿನ ನಡುಕ ನಿಂತಿತು.

ಹಿಂದಿನ ಎಡಗಾಲಿಯನ್ನು ಬಿಚ್ಚಿದಾಗ ಕಂಡದ್ದು ಇದಕ್ಕಿಂತ ಗಂಭೀರವಾದುದು. ಟೈರಿನ ಒಳಗೋಡೆಯಲ್ಲಿ ನಿಂಬೆಹಣ್ಣಿನ ಹೋಳಿನಷ್ಟು ಗಾತ್ರದ ಉಬ್ಬು. ಕಲ್ಲಿನ ಅಂಚಿಗೋ ಗುಂಡಿಯ ತುದಿಗೋ ಬಲವಾಗಿ ಬಡಿದಾಗ ಟೈರಿನ ಗೋಡೆಯೊಳಗಿನ ದಾರಗಳು ತುಂಡಾಗುತ್ತವೆ. ಅಲ್ಲಿ ಗಾಳಿಯನ್ನು ತಡೆಯಲು ರಬ್ಬರು ಮಾತ್ರ ಉಳಿದು ಹೊರಕ್ಕೆ ಉಬ್ಬುತ್ತದೆ. ಹೊರಗೆ ನಿಂತು ನೋಡಿದವರಿಗೆ ಆ ಟೈರು ಹೊಸದರಂತೆಯೇ ಕಾಣುತ್ತಿತ್ತು. ಭಾರ ತುಂಬಿದ ವಾಹನ ಬಿಸಿಲಲ್ಲಿ ಹೆದ್ದಾರಿಯ ವೇಗದಲ್ಲಿ ಓಡುವಾಗ ಇಂತಹ ಟೈರು ಒಮ್ಮೆಲೇ ಒಡೆಯಬಹುದು. ಉಬ್ಬಿಗೆ ಪಂಕ್ಚರಿನಂತೆ ತೇಪೆಯಿಲ್ಲ. ಟೈರನ್ನು ಬದಲಾಯಿಸುವುದೊಂದೇ ದಾರಿ. ಅವರು ಹಾಗೆಯೇ ಮಾಡಿದರು. ಶಾಕ್ ಅಬ್ಸಾರ್ಬರನ್ನಾಗಲಿ ಸ್ಟಿಯರಿಂಗಿನ ಭಾಗಗಳನ್ನಾಗಲಿ ಮುಟ್ಟುವ ಅಗತ್ಯ ಬೀಳಲಿಲ್ಲ. ಹಿರಿಯ ತಾಯಿಯವರೇ ಅದೇ ಆಸನದಲ್ಲಿ ಕುಳಿತು ಹುನಗುಂದಕ್ಕೆ ಹೋಗಿ ಮೊಮ್ಮಗಳನ್ನು ಕರೆತಂದರೆಂದು ಅನಂತರದ ಪತ್ರದಿಂದ ತಿಳಿಯಿತು.

ಇಲ್ಲಿ ಎಲ್ಲ ಮನೆಗಳಿಗೂ ಅನ್ವಯಿಸುವ ಕೆಲವು ಎಚ್ಚರಿಕೆಗಳನ್ನು ಹೇಳಬೇಕು. ನಡುಕವು ಒಮ್ಮೆಲೇ ಆರಂಭವಾದರೆ, ಗಳಿಗೆಗಳಿಗೆಗೆ ಹೆಚ್ಚುತ್ತಿದ್ದರೆ, ಬಡಿತದ ಸದ್ದು ಜೊತೆಗಿದ್ದರೆ, ಪರೀಕ್ಷೆಗಳನ್ನೆಲ್ಲ ಬದಿಗಿಟ್ಟು ಮೆಲ್ಲಗೆ ರಸ್ತೆಯ ಅಂಚಿಗೆ ನಿಲ್ಲಿಸಬೇಕು. ಗಾಲಿಯ ನಟ್ಟುಗಳು ಸಡಿಲವಾಗಿರಬಹುದು. ಗಾಲಿಯೇ ಕಳಚಿ ಹೋದ ಸಂದರ್ಭಗಳುಂಟು. ಪಂಕ್ಚರಿಗಾಗಿ ಗಾಲಿಯನ್ನು ಬಿಚ್ಚಿ ಹಾಕಿದ ಮೇಲೆ ನಡುಕ ಬಂದರೆ ಮೊದಲ ಸಂಶಯ ನಟ್ಟುಗಳ ಮೇಲೆಯೇ ಇರಬೇಕು. ಗಾಲಿ ಬಿಚ್ಚಿದ ನಂತರ ನೂರು ಕಿಲೋಮೀಟರಿನೊಳಗೆ ಇನ್ನೊಮ್ಮೆ ನಟ್ಟುಗಳನ್ನು ಬಿಗಿಯಾಗಿವೆಯೇ ಎಂದು ನೋಡುವುದು ಒಳ್ಳೆಯ ರೂಢಿ. ನಿಲ್ಲಿಸಿದಾಗ ಒಂದು ಗಾಲಿಯ ಬಳಿ ಮಾತ್ರ ವಿಪರೀತ ಕಾವು, ಸುಟ್ಟ ವಾಸನೆ ಇದ್ದರೆ ಬ್ರೇಕು ಹಿಡಿದುಕೊಂಡಿದೆ ಇಲ್ಲವೇ ಬೇರಿಂಗು ಕೆಟ್ಟಿದೆ. ಕೈಯಿಂದ ಮುಟ್ಟದೆ ಆರಲು ಬಿಡಬೇಕು.

ತಿಂಗಳಿಗೊಮ್ಮೆ ಮನೆಯಂಗಳದಲ್ಲಿಯೇ ಮಾಡಬಹುದಾದ ಕೆಲಸಗಳೂ ಇವೆ. ಟೈರು ತಣ್ಣಗಿರುವಾಗ ಗಾಳಿಯ ಒತ್ತಡವನ್ನು ನೋಡುವುದು. ಎಷ್ಟಿರಬೇಕೆಂಬುದನ್ನು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುತ್ತಾರೆ. ಟೈರಿನ ಹಳ್ಳಗಳ ನಡುವೆ ಸವೆತವನ್ನು ಸೂಚಿಸುವ ಸಣ್ಣ ದಿಬ್ಬಗಳಿವೆ. ಹಳ್ಳದ ಆಳ 1.6 ಮಿಲಿಮೀಟರಿಗೆ ಇಳಿದಾಗ ಅವು ಮೇಲ್ಮೈಗೆ ಸಮವಾಗುತ್ತವೆ, ಆಗ ಟೈರಿನ ಆಯುಷ್ಯ ಮುಗಿಯಿತೆಂದು ತಿಳಿಯಬೇಕು. ಟೈರಿನ ಗೋಡೆಯ ಮೇಲೆ ನಾಲ್ಕು ಅಂಕಿಗಳ ಒಂದು ಗುರುತಿರುತ್ತದೆ: 2319 ಎಂದಿದ್ದರೆ 2019ನೆಯ ವರ್ಷದ 23ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಹೆಚ್ಚು ಓಡದಿದ್ದರೂ ಹಳೆಯದಾದ ರಬ್ಬರು ಬಿರಿಯುತ್ತದೆ. ಬಹುದಿನ ನಿಂತಲ್ಲಿಯೇ ನಿಂತ ಕಾರಿನ ಟೈರು ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗಿ, ಹೊರಟ ಹೊಸತರಲ್ಲಿ ದಡದಡ ಎನ್ನಬಹುದು. ಕೆಲವು ಕಿಲೋಮೀಟರು ಓಡಿ ಬಿಸಿಯಾದ ಮೇಲೆ ಅದು ತಾನಾಗಿ ನಿಂತರೆ ಚಿಂತೆಯಿಲ್ಲ. ಕೆಸರಿನ ಕಾಲದಲ್ಲಿ ಗದ್ದೆಯಿಂದ ಬಂದ ವಾಹನದ ರಿಮ್ಮಿನ ಒಳಬದಿಗೂ ನೀರು ಹೊಡೆಯಬೇಕು. ಹೊರಗಿನ ಬಣ್ಣವನ್ನು ತೊಳೆಯುವುದಕ್ಕಿಂತ ಇದು ಮುಖ್ಯ.

ಮೆಕ್ಯಾನಿಕ್ ಬಳಿಗೆ ಹೋದಾಗ ಇಂತಿಂತಹ ಭಾಗ ಹಾಕಿಕೊಡಿ ಎಂದು ಹೇಳದೆ, ಬರೆದುಕೊಂಡ ಚೀಟಿಯನ್ನು ಕೊಡಿರಿ: ಎಷ್ಟು ವೇಗದಲ್ಲಿ, ಯಾವ ಗೇರಿನಲ್ಲಿ, ಎಷ್ಟು ಜನ ಕುಳಿತಾಗ, ಕೈಗೋ ಕಾಲಿಗೋ, ಬ್ರೇಕ್ ಒತ್ತಿದಾಗಲೋ ಬಿಟ್ಟಾಗಲೋ, ಯಾವ ದಿನದಿಂದ, ಅದಕ್ಕೆ ಮುಂಚೆ ಏನು ಕೆಲಸ ಮಾಡಿಸಲಾಗಿತ್ತು ಎಂಬುದೆಲ್ಲ ಅದರಲ್ಲಿರಲಿ. ಚೀಟಿಯನ್ನು ಬರೆಯುವವರು ಪಕ್ಕದಲ್ಲಿ ಕುಳಿತವರಾಗಿರಬೇಕು; ಚಾಲಕರ ಕಣ್ಣು ರಸ್ತೆಯ ಮೇಲೆಯೇ ಇರಲಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿಸಿ, ಅದರ ಫಲವನ್ನು ನೋಡಿ, ಅನಂತರ ಮುಂದಿನದಕ್ಕೆ ಹೋಗಬೇಕು. ನಾಲ್ಕು ಭಾಗಗಳನ್ನು ಒಮ್ಮೆಗೇ ಬದಲಾಯಿಸಿದರೆ ನಡುಕ ನಿಂತರೂ ಯಾವುದರಿಂದ ನಿಂತಿತೆಂಬುದು ತಿಳಿಯುವುದಿಲ್ಲ. ಮುಂದಿನ ಗಾಲಿಯನ್ನು ಹಿಂದಕ್ಕೂ ಹಿಂದಿನದನ್ನು ಮುಂದಕ್ಕೂ ಹಾಕಿಸಿ ನೋಡುವುದು ಖರ್ಚಿಲ್ಲದ ಪರೀಕ್ಷೆ. ನಡುಕವೂ ಗಾಲಿಯ ಜೊತೆಗೆ ಸ್ಥಳ ಬದಲಿಸಿದರೆ ದೋಷವು ಆ ಗಾಲಿಯಲ್ಲಿಯೇ ಇದೆ.

ದಸರೆಯ ವೇಳೆಗೆ ಅಂಜನಾದ್ರಿ, ಪಂಪಾಸರೋವರಗಳ ಕಡೆಗೂ ಕೂಡಲಸಂಗಮದ ಕಡೆಗೂ ಹೊರಡುವ ವಾಹನಗಳು ಹೆಚ್ಚುತ್ತವೆ. ಹೊರಡುವ ಮುನ್ನಾದಿನ ಹಗಲಿನಲ್ಲಿಯೇ ನಾಲ್ಕೂ ಟೈರುಗಳ ಹೊರಬದಿಯನ್ನೂ ಒಳಬದಿಯನ್ನೂ ಬ್ಯಾಟರಿ ಹಿಡಿದು ನೋಡಿರಿ. ಡಿಕ್ಕಿಯಲ್ಲಿರುವ ಸ್ಟೆಪ್ನಿಯ ಗಾಳಿಯನ್ನೂ ಪರೀಕ್ಷಿಸಿರಿ. ಹಿಂದಿನ ಆಸನದಲ್ಲಿ ಕುಳಿತ ಹಿರಿಯರೋ ಮಕ್ಕಳೋ ಕಾಲಡಿಯಲ್ಲಿ ಏನೋ ಆಗುತ್ತಿದೆ ಎಂದರೆ, ಅವರು ಹೇಳಿದ ವೇಗವನ್ನೂ ಸ್ಥಳವನ್ನೂ ಅಂದೇ ಬರೆದಿಟ್ಟುಕೊಳ್ಳಿರಿ.